ಸ್ಪ್ರಿಂಕ್ಲರ್ ಹಾಕಿಸಿದ್ರೆ ನಂಬಿಕೆ ಕಮ್ಮಿ ಅಂತನಾ? ಹೂಮಳೆ ಕಾಯ್ತಾ ಇರೋರು ದಯವಿಟ್ಟು ಹೇಳಿ

ಮೂಡಿಗೆರೆ ಸೊಸೆ

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆ. ನಮ್ದು ಮೂಡಿಗೆರೆ ಕಡೆ ಸಣ್ಣ ಕಾಫಿ ತೋಟ, ಜಾಸ್ತಿ ರೋಬಸ್ಟಾ ಜಾತಿನೇ, ಮರಕ್ಕೆ ಒಂದಿಷ್ಟು ಮೆಣಸು ಹಬ್ಬಿಸಿದೀವಿ. ಈಗ ಮೊಗ್ಗು ಕಟ್ಟಿ ನಿಂತಿದೆ, ಅದನ್ನ ಅರಳಿಸೋ ಹೂಮಳೆ ಇನ್ನೂ ಇಲ್ಲ. ಪಕ್ಕದ ತೋಟದೋರು ಸ್ಪ್ರಿಂಕ್ಲರ್ ಹೊಡೆಸಿ ಅವರದ್ದೆಲ್ಲ ಬೆಳ್ಳಗೆ ಹೂವಾಗಿ ಘಮ್ಮಂತಿದೆ, ನಮ್ದು ಹಂಗೇ ಇದೆ. ನಮ್ಮನೆಯವರು ಸಾಲ ಮಾಡಿಯಾದ್ರೂ ಈ ಸಲ ಕೆರೆ ತೆಗೆಸಿ ಮೋಟಾರು ಪೈಪು ಹಾಕಿಸೋಣ ಅಂತಾರೆ. ನಮ್ಮತ್ತೆ ಒಪ್ಪಲ್ಲ, ನಿಮ್ಮ ಮಾವ ಇದ್ದಾಗ ಯಾವ ಪೈಪಿತ್ತು, ದೇವರು ಮಳೆ ಕೊಡ್ಲಿಲ್ವಾ, ಈಗಿನವರಿಗೆ ನಂಬಿಕೆ ಸಾಲದು ಅಂತಾರೆ. ಅವರ ಪ್ರಾರ್ಥನೆ ಮೇಲೇ ಈ ಮನೆ ನಿಂತಿರೋದು, ಅದಕ್ಕೇ ಅವರ ಮಾತು ತೆಗೆದುಹಾಕೋಕೂ ಆಗಲ್ಲ.

ನಂದು ಇನ್ನೊಂದು ಕಷ್ಟ. ರಾತ್ರಿ ಮನೆಪ್ರಾರ್ಥನೆಲಿ ಕರ್ತನೇ ನಿನ್ನ ಚಿತ್ತದಂತೆ ಆಗಲಿ ಅಂತ ಬಾಯಲ್ಲಿ ಹೇಳ್ತೀನಿ, ಮಲಗಿದ್ಮೇಲೆ ಮೊಬೈಲ್ ತೆಗೆದು ಮಳೆ ಎಲ್ಲಿ ಬಂತು, ಸಕಲೇಶಪುರಕ್ಕೆ ಬಂತಾ, ಕೊಟ್ಟಿಗೆಹಾರಕ್ಕೆ ಬಂತಾ ನೋಡ್ತಾನೇ ಇರ್ತೀನಿ, ನಿದ್ದೆ ಇಲ್ಲ. ದೇವರಿಗೆ ಒಪ್ಪಿಸಿದ್ದು ನಿಜ ಆಗಿದ್ರೆ ಈ ಭಯ ಯಾಕೆ? ತಗ್ಗಿಸಿಕೊಂಡು ನಂಬೋದು ಅಂದ್ರೆ ಸುಮ್ಮನೆ ಕೈಕಟ್ಟಿ ಕೂರೋದಾ? ಯಾರಾದ್ರೂ ಹಿರಿಯರು ತಿಳಿಸಿ.

ಹಾನುಬಾಳು ಬೆಳೆಗಾರ

ಅಮ್ಮ, ಹೂಮಳೆ ಕಾಯೋದರ ಸಂಕಟ ತೋಟ ಇದ್ದೋರಿಗೇ ಗೊತ್ತು. ಮೊದಲು ನಿಮ್ಮನೆಯವರ ಪರವಾಗಿ ಒಂದು ಮಾತು ಹೇಳ್ತೀನಿ. ನೆಹೆಮೀಯ ಯೆರೂಸಲೇಮಿನ ಗೋಡೆ ಕಟ್ಟಿಸುವಾಗ ವೈರಿಗಳು ಬರ್ತಾರೆ ಅಂತ ಸುದ್ದಿ ಬಂತು, ಆಗ ಅವರು ದೇವರಿಗೆ ಪ್ರಾರ್ಥನೆನೂ ಮಾಡಿದ್ರು, ಹಗಲು ರಾತ್ರಿ ಕಾವಲೂ ಹಾಕಿದ್ರು, ಎರಡೂ ಒಂದೇ ವಚನದಲ್ಲಿದೆ, 4:9 ತೆಗೆದು ಓದಿ. ಕಾವಲು ಹಾಕಿದ್ದಕ್ಕೆ ಅವನನ್ನ ಅಪನಂಬಿಕೆಯವನು ಅಂತ ಯಾರೂ ಅನ್ನಲಿಲ್ಲ.

ಇನ್ನು ಸ್ಪ್ರಿಂಕ್ಲರ್ ಹಾಕಿಸಿದ್ರೆ ದೇವರ ಕೈ ಬಿಟ್ಟಂಗೆ ಅನ್ನೋದು ತೋಟದ ಲೆಕ್ಕದಲ್ಲೂ ನಿಲ್ಲಲ್ಲ ನೋಡಿ. ನೀವು ಇಂಚು ಲೆಕ್ಕದಲ್ಲಿ ನೀರು ಹೊಡೆಸ್ತೀರಿ, ಒಂದು ವಾರ ಹತ್ತು ದಿನದಲ್ಲಿ ಹೂವಾಗುತ್ತೆ, ಸರಿ. ಆದ್ರೆ ರೋಬಸ್ಟಾಗೆ ತನ್ನ ಪರಾಗದಿಂದ ತಾನೇ ಕಾಯಿ ಕಟ್ಟೋ ಗುಣ ಇಲ್ಲ, ಇನ್ನೊಂದು ಗಿಡದ ಪರಾಗ ಬರಬೇಕು, ಗಾಳಿ ತರಬೇಕು ಇಲ್ಲ ಜೇನು ತರಬೇಕು. ಹೂ ಅರಳಿದ ದಿನವೇ ಜೋರು ಮಳೆ ಹೊಡೆದ್ರೆ ಅದೂ ಹಾಳು. ಆಮೇಲೆ ಬ್ಯಾಕಿಂಗ್ ಮಳೆ, ಅಂದ್ರೆ ಹೂವಾದ ಮೇಲೆ ಕಾಯಿ ನಿಲ್ಲೋಕೆ ಇನ್ನೊಂದು ಮಳೆ ಬೇಕು, ಕೆರೆಲಿರೋ ನೀರೂ ಹೋದ ಮುಂಗಾರು ಕೊಟ್ಟಿದ್ದೇ ಅಲ್ವಾ. ಪೌಲ ಕೊರಿಂಥದವರಿಗೆ ಬರೆದಿದ್ದು ಇದನ್ನೇ, ಮೊದಲನೇ ಪತ್ರಿಕೆ 3:6, ನಾನು ನೆಟ್ಟೆ, ಅಪೊಲ್ಲೋಸ ನೀರು ಹಾಕಿದ, ಬೆಳೆಸಿದವನು ದೇವರು ಅಂತ. ನೀರು ಹಾಕಬೇಡಿ ಅಂತ ಅವನು ಎಲ್ಲೂ ಹೇಳ್ಲಿಲ್ಲ!

ನಾನು ಹೆದರೋದು ಒಳ್ಳೆ ವರ್ಷಕ್ಕೆ ಕಣಮ್ಮ. ಕಾಫಿಗೆ ರೇಟು ಸಿಕ್ಕಿ ಇಳುವರಿನೂ ಬಂದಾಗ ಇದೆಲ್ಲ ನನ್ನ ಪ್ಲಾನಿಂಗು, ನನ್ನ ಪೈಪು ಅನ್ಸುತ್ತೆ. ಧರ್ಮೋಪದೇಶಕಾಂಡ 8ರಲ್ಲಿ ಮೋಶೆ ಎಚ್ಚರಿಸಿದ್ದು ಅದನ್ನೇ, ಹೊಟ್ಟೆ ತುಂಬಿ ಒಳ್ಳೆ ಮನೆ ಕಟ್ಕೊಂಡ ಮೇಲೆ ನನ್ನ ಬಾಹುಬಲದಿಂದ ಇಷ್ಟು ಐಶ್ವರ್ಯ ಆಯ್ತು ಅನ್ಕೋಬೇಡ, ಸಂಪಾದಿಸೋ ಸಾಮರ್ಥ್ಯ ಕೊಟ್ಟವನು ಯೆಹೋವ ಅಂತ. ಬರಗಾಲದಲ್ಲಿ ತಗ್ಗೋದು ದೊಡ್ಡದಲ್ಲ, ಆಗ ಬೇರೆ ದಾರಿನೂ ಇರಲ್ಲ. ಪೈಪಲ್ಲಿ ನೀರು ಧಾರಾಳವಾಗಿ ಬರುವಾಗ ತಗ್ಗಬೇಕು.

ಹಾಸನ ನರ್ಸ್

ಅಕ್ಕ, ತೋಟದ ವಿಷಯ ನಂಗೆ ಗೊತ್ತಿಲ್ಲ, ನಿದ್ದೆ ವಿಷಯಕ್ಕೆ ಬರೀತಿದೀನಿ. ಭಯ ಇದೆ ಅಂದ ತಕ್ಷಣ ನನ್ನ ಪ್ರಾರ್ಥನೆ ಸುಳ್ಳು ಅಂತ ತೀರ್ಮಾನ ಮಾಡ್ಕೋಬೇಡಿ. ಶಿಲುಬೆಗೆ ಹೋಗೋ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸು ಈ ಪಾತ್ರೆ ನನ್ನಿಂದ ತೊಲಗಲಿ ಅಂತ ಮೊದಲು ಕೇಳಿದ್ರು, ಮನೋವ್ಯಥೆಯಿಂದ ಬೆವರು ರಕ್ತದ ಹನಿಯಂಗೆ ಬೀಳ್ತಿತ್ತು ಅಂತ ಲೂಕ ಬರೀತಾನೆ, ಅಷ್ಟಾದ್ಮೇಲೂ ತಂದೆಯ ಚಿತ್ತಕ್ಕೇ ಬಿಟ್ರು. ವ್ಯಥೆನೂ ಇತ್ತು ಒಪ್ಪಿಸಿಕೊಡೋದೂ ಇತ್ತು, ಒಂದೇ ರಾತ್ರಿ.

1 ಪೇತ್ರ 5:7 ನಾವೆಲ್ಲ ಬಾಯಿಪಾಠ ಮಾಡಿದೀವಿ, ಚಿಂತೆಯನ್ನೆಲ್ಲ ಆತನ ಮೇಲೆ ಹಾಕಿ ಅಂತ. ಆದ್ರೆ ಅದರ ಹಿಂದಿನ ವಚನ ಯಾರೂ ಗೋಡೆಗೆ ಹಾಕಲ್ಲ, ದೇವರ ಬಲವಾದ ಕೈಕೆಳಗೆ ನಿಮ್ಮನ್ನ ತಗ್ಗಿಸಿಕೊಳ್ಳಿ ಅಂತ ಇದೆ, ಎರಡೂ ಸೇರಿ ಒಂದೇ ಮಾತು. ನಂಗೆ ಅರ್ಥ ಆಗಿದ್ದು ಏನಂದ್ರೆ ಚಿಂತೆನ ಆತನ ಮೇಲೆ ಹಾಕೋದೇ ತಗ್ಗಿಸಿಕೊಳ್ಳೋದು. ಇದನ್ನ ಹೊರೋಕೆ ನನ್ನ ಕೈಲಿ ಆಗಲ್ಲಪ್ಪಾ ಅಂತ ಒಪ್ಕೊಳ್ಳೋಕೆ ನಮ್ಗೆ ಬಹಳ ಕಷ್ಟ. ಐಸಿಯು ಹೊರಗೆ ಕೂತಿರೋ ಜನರಲ್ಲಿ ದಿನಾ ನೋಡ್ತೀನಿ, ಒಂದು ಗಳಿಗೆ ಕಣ್ಣು ಮುಚ್ಚಿದ್ರೆ ಏನೋ ಆಗಿಬಿಡುತ್ತೆ ಅನ್ನೋ ಥರ ಕೂತಿರ್ತಾರೆ, ಪಾಪ, ಪ್ರೀತಿಗೇ ಹಂಗೆ ಕೂರೋದು, ಆದ್ರೂ ಅವರು ಎಚ್ಚರ ಇರೋದ್ರಿಂದ ಉಸಿರು ನಡೀತಿಲ್ಲ.

ಮೊಬೈಲ್ ರಾತ್ರಿ ಅಡುಗೆಮನೇಲಿ ಇಟ್ಟು ಬನ್ನಿ. ಸಾಲ, ಹೂವು, ಅತ್ತೆ ಮಾತು, ಒಂದೊಂದನ್ನೇ ಹೆಸರು ಹಿಡಿದು ಹೇಳಿ ಪ್ರಾರ್ಥನೆ ಮಾಡಿ. ಅಷ್ಟಾದ್ರೂ ವಾರಗಟ್ಟಲೆ ನಿದ್ದೆ ಬರ್ದಿದ್ರೆ ಡಾಕ್ಟರ್‌ಗೆ ತೋರಿಸಿ, ಅದು ನಂಬಿಕೆಗೆ ವಿರೋಧ ಅಲ್ಲ, ಇಷ್ಟು ವರ್ಷ ಆಸ್ಪತ್ರೇಲಿ ಇದ್ದು ಇದನ್ನ ಗಟ್ಟಿಯಾಗಿ ಹೇಳ್ತೀನಿ.

ಚಿಕ್ಕಮಗಳೂರು ಕಥೋಲಿಕ

ನಾನು ಕಥೋಲಿಕ, ಆದ್ರೂ ಈ ಪ್ರಶ್ನೆ ನಮ್ಮ ಮನೆಯದ್ದೂ ಹೌದು. ಸಾಲದ ವಿಚಾರದಲ್ಲಿ ಮಾತ್ರ ನಿಧಾನಿಸಿ. ಗೋಪುರ ಕಟ್ಟೋನು ಮೊದಲು ಕೂತು ಖರ್ಚು ಲೆಕ್ಕ ಹಾಕ್ತಾನೆ ಅಂತ ಯೇಸುಸ್ವಾಮಿನೇ ಹೇಳಿದಾರೆ, ಲೂಕ 14. ದೇವರು ನೋಡ್ಕೊತಾರೆ ಅಂತ ಲೆಕ್ಕ ಇಲ್ದೆ ಸಾಲ ಎತ್ತೋದು ಭರವಸೆ ಅಲ್ಲ. ಕಾಫಿ ಬೋರ್ಡ್ ಆಫೀಸಲ್ಲಿ ನೀರಾವರಿಗೆ ಈಗ ಸಹಾಯಧನ ಏನಾದ್ರೂ ಇದ್ಯಾ ಕೇಳಿ ನೋಡಿ.

ಇನ್ನೊಂದು, ನಾಳೆ ನಿಮ್ಮ ತೋಟ ಹೂವಾಗಿ ಪಕ್ಕದವರದ್ದು ಒಣಗಿದ್ರೆ, ನಮ್ಮ ಪ್ರಾರ್ಥನೆ ದೇವರು ಕೇಳಿದ್ರು ಅಂತ ಅವರ ಎದುರು ಹೇಳುವಾಗ ಹುಷಾರು. ಸಿಲೋವದ ಗೋಪುರ ಬಿದ್ದು 18 ಜನ ಸತ್ತಾಗ ಅವರೇನು ಜೆರುಸಲೇಮಿನವರಿಗೆಲ್ಲ ಮೀರಿದ ಪಾಪಿಗಳು ಅಂದ್ಕೊಂಡ್ರಾ ಅಂತ ಯೇಸುಸ್ವಾಮಿ ತಿರುಗಿ ಕೇಳಿದ್ರು. ಮಳೆ ಬರದೇ ಇರೋ ತೋಟದವನಿಗೆ ಭಕ್ತಿ ಕಮ್ಮಿ ಅಂತ ನಾವು ಮನಸ್ಸಲ್ಲೂ ಅಂದ್ಕೋಬಾರದು. ನಂಗೆ ಇದೇ ಎಲ್ಲಕ್ಕಿಂತ ಕಷ್ಟದ ವಿನಯ ಅನ್ಸುತ್ತೆ.

ನಿಮ್ಮತ್ತೆಯವರ ಮಾತನ್ನೂ ವಚನ ತೋರಿಸಿ ಸೋಲಿಸೋಕೆ ಹೋಗ್ಬೇಡಿ. ಅಂಜೂರ ಚಿಗುರದಿದ್ರೂ ಹೊಲ ಬೆಳೆ ಕೊಡದಿದ್ರೂ ನಾನು ದೇವರಲ್ಲಿ ಆನಂದಿಸ್ತೀನಿ ಅಂತ ಪ್ರವಾದಿ ಹಬಕ್ಕೂಕ ಹೇಳ್ತಾನಲ್ಲ, ಅಂಥ ನಂಬಿಕೆ ಆ ತಲೆಮಾರಿನವರಲ್ಲಿ ಇದೆ, ಅದು ನಿಮ್ಮ ಮಕ್ಕಳಿಗೂ ಬೇಕು.

ಮೂಡಿಗೆರೆ ಸೊಸೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಓದ್ತಾ ಕಣ್ಣು ತುಂಬಿ ಬಂತು. ನಿನ್ನೆ ಮನೆಪ್ರಾರ್ಥನೆಗೆ ನೆಹೆಮೀಯ ನಾಲ್ಕನೇ ಅಧ್ಯಾಯ ಅತ್ತೆ ಕೈಲೇ ಓದಿಸ್ದೆ, ನಾವ್ಯಾರೂ ಏನೂ ವಿವರಣೆ ಕೊಡೋಕೆ ಹೋಗ್ಲಿಲ್ಲ. ಸಾಲ ಅಂದ್ರೆ ಅವರಿಗೆ ಈಗ್ಲೂ ಬೇಡ. ಆದ್ರೆ ಬೆಳಗ್ಗೆ ತಿಂಡಿ ಹೊತ್ತಿಗೆ ಅವರೇ, ಕೆರೆ ತೆಗೆಸೋದಾದ್ರೆ ಕೆಳಗಿನ ಹಾಳುಬಿದ್ದ ಗದ್ದೇಲಿ ತೆಗೆಸಿ, ನಿಮ್ಮ ಮಾವ ಇದ್ದಾಗ ಬೇಸಿಗೇಲೂ ಅಲ್ಲಿ ಜಲ ಆರ್ತಿರ್ಲಿಲ್ಲ ಅಂದ್ರು. ನಮ್ಮನೆಯವರು ಬರೋ ವಾರ ಕಾಫಿ ಬೋರ್ಡಿಗೆ ಹೋಗಿ ವಿಚಾರಿಸ್ತಾರೆ. ಹಾನುಬಾಳು ಅಣ್ಣ, ಗದ್ದೆ ಜಾಗದಲ್ಲಿ ಕೆರೆ ತೆಗೆಸಿದ್ರೆ ದಂಡೆ ಕುಸಿಯುತ್ತೆ ಅಂತಾರೆ, ನಿಮ್ಮ ಕಡೆ ಕಲ್ಲು ಕಟ್ಟಿಸ್ತಾರಾ ಅಥವಾ ಹಂಗೇ ಬಿಡ್ತಾರಾ?