ಸಹಾಯ ಬೇಕು: ಥೇಯಿಸ್ ಹೆಸರಿಗೆ ಇಂಗ್ಲಿಷ್‌ನಲ್ಲಿ ಇನ್ನೊಂದು ಎಸ್ ಬೇಕಾ?

ಎಲ್ಲರಿಗೂ ನಮಸ್ಕಾರ. ಕ್ರಿ.ಪೂ. 330ರಲ್ಲಿ ಪರ್ಷಿಯಾದ ರಾಜಧಾನಿ ಪರ್ಸೆಪೊಲಿಸ್‌ನ ಅರಮನೆ ಸುಟ್ಟುಹೋದ ಬಗ್ಗೆ ಇಂಗ್ಲಿಷ್‌ನಲ್ಲಿ ಲೇಖನ ಬರೆಯುತ್ತಿದ್ದೇನೆ. ಬೆಂಕಿ ಇಡಲು ಅಲೆಕ್ಸಾಂಡರನನ್ನು ಹುರಿದುಂಬಿಸಿದ್ದು ಅಥೆನ್ಸಿನ ಗಣಿಕೆ ಥೇಯಿಸ್ ಅಂತ ಪ್ರಾಚೀನ ಗ್ರೀಕ್ ಲೇಖಕ ಪ್ಲುಟಾರ್ಕ್ ಹೇಳುತ್ತಾನೆ. ಮುಂದೆ ಈಜಿಪ್ಟ್ ಆಳಿದ ಟಾಲೆಮಿಗೆ ಇವಳಿಂದ ಮಕ್ಕಳೂ ಆದರು. ಕಥೆಗೇನೂ ಕೊರತೆ ಇಲ್ಲ, ತಲೆನೋವು ಹೆಸರಿನ ಕೊನೆಯ ಎಸ್‌ನದು. ಅಸ್ಪೇಷಿಯಾ, ಹೈಪೇಷಿಯಾ ಥರ 'ಆ' ಅಂತ ಮುಗಿಯುವ ಹೆಸರಾಗಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ!

'ಥೇಯಿಸಳ ಮಾತು', 'ಥೇಯಿಸಳ ಮಕ್ಕಳು' ಅನ್ನುವಾಗ ಟಿ-ಎಚ್-ಎ-ಐ-ಎಸ್ ಆದ ಮೇಲೆ ಏನು ಹಾಕುವುದು? ಸ್ಟೈಲ್ ಗೈಡ್‌ಗಳನ್ನು (ಇಂಗ್ಲಿಷ್ ಬರವಣಿಗೆಯ ನಿಯಮಗಳ ಕೈಪಿಡಿಗಳು) ನೋಡಿದೆ, ಗೊಂದಲ ಜಾಸ್ತಿಯೇ ಆಯಿತು. ಶಿಕಾಗೊ ಕೈಪಿಡಿ ಅಪಾಸ್ಟ್ರಫಿ ಹಾಕಿ ಇನ್ನೊಂದು ಎಸ್ ಸೇರಿಸಿ ಅನ್ನುತ್ತದೆ. ಎಪಿ (ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ) ಕೈಪಿಡಿಯ ಪ್ರಕಾರ ಬರೀ ಅಪಾಸ್ಟ್ರಫಿ ಸಾಕು. ಶಿಕಾಗೊದಲ್ಲೂ ಮೊದಲು ಯೂರಿಪಿಡೀಸ್ ಥರ 'ಈಸ್' ಅಂತ ಮುಗಿಯುವ ಹೆಸರುಗಳಿಗೆ ವಿನಾಯಿತಿ ಇತ್ತು, 2010ರ ಆವೃತ್ತಿಯಲ್ಲಿ ಅದನ್ನು ತೆಗೆದರು. ಥೇಯಿಸ್ ಮುಗಿಯುವುದು ಗಿಡ್ಡ 'ಇಸ್'ನಲ್ಲಿ, ಹಾಗಾಗಿ ಆ ಹಳೇ ವಿನಾಯಿತಿಯೂ ಇವಳಿಗೆ ಸಿಗಲ್ಲ, ಅಲ್ವಾ?

ಪತ್ರಿಕೆಯವರನ್ನು ಕೇಳಿದರೆ "ಯಾವುದಾದರೂ ಸರಿ, ಕೊನೇವರೆಗೂ ಒಂದೇ ಥರ ಇರಲಿ" ಅಂದುಬಿಟ್ಟರು.

ಇಂಗ್ಲಿಷ್ ಮೇಷ್ಟ್ರುಗಳು, ಕಾಪಿ ಎಡಿಟರ್‌ಗಳು ಯಾರಾದರೂ ಇದ್ದರೆ ಹೇಳಿ: ಸಾಮಾನ್ಯ ಓದುಗರಿಗೆ ಬರೆಯುವಾಗ ಥೇಯಿಸ್‌ಗೆ ನೀವು ಇನ್ನೊಂದು ಎಸ್ ಸೇರಿಸುತ್ತೀರಾ, ಬರೀ ಅಪಾಸ್ಟ್ರಫಿಗೆ ನಿಲ್ಲಿಸುತ್ತೀರಾ?