ಅಂಗಾತ ಮಲಗಿದ್ರೆ ಮಾತ್ರ ದೇಹದಿಂದ ಹೊರಗೆ ಬರೋಕಾಗುತ್ತಾ?

ನಿದ್ದೆಗೇಡಿ:
ಮೂರು ವಾರದಿಂದ ಆಸ್ಟ್ರಲ್ ಪ್ರೊಜೆಕ್ಷನ್ (ಮೈ ಬಿಟ್ಟು ಹೊರಗೆ ಬಂದ ಅನುಭವ) ಟ್ರೈ ಮಾಡ್ತಿದೀನಿ, ಯಾರನ್ನ ಕೇಳಿದ್ರೂ ಅಂಗಾತ ಮಲ್ಕೋ, ಕೈ ಪಕ್ಕಕ್ಕೆ ಇಟ್ಕೋ, ಅಲ್ಲಾಡ್ಬೇಡ ಅಷ್ಟೇ ಹೇಳೋದು. ನಂಗೆ ಚಿಕ್ಕಂದಿನಿಂದ ಬಲ ಮಗ್ಗುಲಲ್ಲೇ ಅಭ್ಯಾಸ, ಅಂಗಾತ ಮಲಗಿದ್ರೆ ಗಂಟೆಗಟ್ಲೆ ಕಣ್ಣು ಪಿಳಿಪಿಳಿ, ಮೂಗು ತುರಿಸುತ್ತೆ, ಎಂಜಲು ನುಂಗೋದೇ ದೊಡ್ಡ ಕೆಲಸ ಆಗ್ಬಿಡುತ್ತೆ. ಮಗ್ಗುಲಾದ್ರೆ ಎರಡೇ ನಿಮಿಷ, ಆಮೇಲೆ ನೋಡಿದ್ರೆ ಬೆಳಗಾಗಿರುತ್ತೆ. ಏನ್ಮಾಡ್ಲಿ?

ರಾತ್ರಿಗೂಬೆ:
ಅಂಗಾತ ಅನ್ನೋದು ಸುಮ್ನೆ ಹುಟ್ಟಿದ ಮಾತಲ್ಲ. ಸ್ಲೀಪ್ ಪೆರಾಲಿಸಿಸ್ ಜಾಸ್ತಿ ಬರೋದೇ ಆ ಭಂಗಿಯಲ್ಲಿ. ಆರ್‌ಇಎಂ ನಿದ್ದೆಯಲ್ಲಿ, ಅಂದ್ರೆ ಕನಸು ಜಾಸ್ತಿ ಬೀಳೋ ಹಂತದಲ್ಲಿ, ಮೈಯ ಸ್ನಾಯು ಬಹುತೇಕ ಸಡಿಲ ಆಗಿರುತ್ತೆ, ಆಗ ಎಚ್ಚರ ಮಾತ್ರ ಆದ್ರೆ ಕೈಕಾಲು ಕಟ್ಟಿಹಾಕಿದ ಹಾಗೆ, ಎದೆ ಮೇಲೆ ಭಾರ, ಕಿವೀಲಿ ಗುಂಯ್ ಅಂತ ಸದ್ದು, ತುಂಬಾ ಜನ "ವೈಬ್ರೇಷನ್" ಅನ್ನೋದು ಇದನ್ನೇ, ಹೊರಗೆ ತೇಲಿದ ಹಾಗೆ ಅನ್ಸೋದೂ ಅಲ್ಲಿಂದಾನೇ. ಆದ್ರೆ ನಿಮ್ಮ ತಪ್ಪು ಭಂಗಿಯಲ್ಲಿಲ್ಲ ಟೈಮಲ್ಲಿದೆ ಅನ್ಸುತ್ತೆ, ಮಲಗಿದ ತಕ್ಷಣ ಟ್ರೈ ಮಾಡ್ತಿದೀರಲ್ವಾ? ರಾತ್ರಿ ಮೊದಲ ಭಾಗ ಗಾಢ ನಿದ್ದೆ, ಉದ್ದುದ್ದ ಆರ್‌ಇಎಂ ಎಲ್ಲ ಬೆಳಗಿನ ಜಾವಕ್ಕೇ ಬರೋದು. ನಿಮ್ಮ ಮಗ್ಗುಲಲ್ಲೇ ಹಾಯಾಗಿ 5 ಗಂಟೆ ನಿದ್ದೆ ಮಾಡಿ, ಅಲಾರಂ ಇಟ್ಟು ಎದ್ದು ಅರ್ಧ ಗಂಟೆ ಎಚ್ಚರ ಇದ್ದು, ಆಮೇಲೆ ಅಂಗಾತ ಮಲಗಿ. ಅಭ್ಯಾಸ ಇಲ್ಲದ ಭಂಗಿ ಆಗಲೇ ಉಪಯೋಗಕ್ಕೆ ಬರೋದು, ದೇಹ ಜಾರುತ್ತೆ, ಮನಸ್ಸು ಅಷ್ಟು ಬೇಗ ಬಿಡಲ್ಲ.

ಎರಡ್ಮನಸ್ಸು:
ಹೊರಗೆ ಹೋಗೋದು ಆತ್ಮಾನೇ ಅಂತ ನಾನಂತೂ ಒಪ್ಪಲ್ಲ (ಜಗಳಕ್ಕೆ ಬರ್ಬೇಡಿ). 2002ರಲ್ಲಿ ನರವಿಜ್ಞಾನಿ ಓಲಾಫ್ ಬ್ಲಾಂಕೆ ತಂಡ ಅಪಸ್ಮಾರದ ರೋಗಿಯೊಬ್ಬರ ಮೆದುಳಿನ ಬಲಭಾಗದಲ್ಲಿ ಆಂಗ್ಯುಲರ್ ಜೈರಸ್ ಅನ್ನೋ ಜಾಗಕ್ಕೆ ಸಣ್ಣ ಕರೆಂಟ್ ಕೊಟ್ಟಾಗ ಆಕೆಗೆ ಮೇಲಿಂದ ತನ್ನನ್ನೇ ನೋಡಿದ ಹಾಗಾಯ್ತು. ನಮ್ಮ ಮೈ ಎಲ್ಲಿದೆ, ಹೇಗಿದೆ ಅಂತ ಲೆಕ್ಕ ಇಡೋ ಭಾಗ ಅದು. ಮಲಗಿ ಅಲ್ಲಾಡ್ದೇ ಇದ್ರೆ ಸ್ನಾಯು, ಕೀಲುಗಳಿಂದ ಸುದ್ದಿ ಬರೋದು ಕಮ್ಮಿ, ಲೆಕ್ಕ ತಪ್ಪೋದು ಸುಲಭ ಅಂತ ನನ್ನ ಊಹೆ.

ಬಲಮಗ್ಗುಲು:
ನಂಗೆ ಎರಡು ಸಲ ಆಗಿದೆ, ಎರಡೂ ಮಗ್ಗುಲಲ್ಲೇ!! ಟಿಬೆಟಿನ ಸ್ವಪ್ನಯೋಗದಲ್ಲೂ (ಕನಸಲ್ಲೂ ಎಚ್ಚರ ಇರೋ ಸಾಧನೆ) ಬಲ ಮಗ್ಗುಲಾಗಿ ಮಲಗೋ ಸಿಂಹಶಯ್ಯೆ ಇದೆಯಲ್ಲ, ಅಂಗಾತ ಒಂದೇ ದಾರಿ ಅಂದೋರು ಯಾರು. ಗೊರಕೆ ಹೊಡೆಯೋರಾದ್ರೆ ಅಂಗಾತ ಬೇಡ್ವೇ ಬೇಡ, ಉಸಿರು ಕಟ್ಟೋದು ಜಾಸ್ತಿ ಆಗುತ್ತೆ. ತಲೆಕಡೆ ಒಂಚೂರು ಎತ್ತರ ಮಾಡಿ ಒರಗಿ ಮಲಗೋದು ನೋಡಿ.

ನಿದ್ದೆಗೇಡಿ:
ಅಲಾರಂ ಇಟ್ಟು ನೋಡ್ದೆ. ಹೊರಗೇನೂ ಬರ್ಲಿಲ್ಲ, ಆದ್ರೆ ಆ ಗುಂಯ್ ಸದ್ದು ಬಂತು, ಹೆದರಿ ಕಾಲು ಒದ್ದುಬಿಟ್ಟೆ, ಅಲ್ಲಿಗೆ ಮುಗೀತು 😅 ಶನಿವಾರ ಮತ್ತೆ.