ಆಕಾಶ ಬರ್ನ್ ಮಾಡಿದರೆ ಮರಗಳೂ ಕಪ್ಪಾಗುತ್ತವೆ, ಏನು ಮಾಡೋದು?

ಪ್ರಶ್ನೆ:
ಡಾರ್ಕ್‌ರೂಮಿನಲ್ಲಿ ಕಪ್ಪು-ಬಿಳುಪು ಪ್ರಿಂಟ್ ಮಾಡ್ತಿದ್ದೇನೆ: ಮಲ್ಟಿಗ್ರೇಡ್ ಫೈಬರ್ ಕಾಗದ (ಫಿಲ್ಟರ್ ಬದಲಿಸಿದರೆ ಕಾಂಟ್ರಾಸ್ಟ್ ಬದಲಾಗುವಂಥದ್ದು), ಗ್ರೇಡ್ 3 ಫಿಲ್ಟರ್, ಲೆನ್ಸ್ ಎಫ್ 8ರಲ್ಲಿ 16 ಸೆಕೆಂಡು. ನೆಲ ಚೆನ್ನಾಗಿ ಬರುತ್ತೆ, ಆಕಾಶ ಮಾತ್ರ ಬರೀ ಬಿಳಿ. ಆಕಾಶಕ್ಕಷ್ಟೇ ಮತ್ತೆ 16 ಸೆಕೆಂಡು ಬೆಳಕು ಕೊಟ್ಟು ಬರ್ನ್ ಮಾಡಿದರೆ ಮೋಡ ಕಾಣುತ್ತೆ, ಆದರೆ ದಿಗಂತದ ಮರಗಳು ಕಪ್ಪು ಮುದ್ದೆ. ಅದೇ ನೆಗೆಟಿವ್ ಸ್ಕ್ಯಾನ್ ಮಾಡಿ ಫೋಟೋಶಾಪಿನಲ್ಲಿ ತಿದ್ದಿದರೆ ಮರಗಳ ಸುತ್ತ ಬಿಳಿ ಅಂಚು. ಇಷ್ಟೆಲ್ಲ ತಿದ್ದಿದ್ದು ಫೈನ್ ಪ್ರಿಂಟ್ (ಕಲಾಕೃತಿ ಮಟ್ಟದ ಪ್ರಿಂಟ್) ಅನ್ನಿಸಿಕೊಳ್ಳುತ್ತಾ?

ಉತ್ತರಗಳು

ಕೆಂಪುದೀಪ:
ಬರ್ನ್ ಮಾಡುವಾಗ ಫಿಲ್ಟರ್ ಬದಲಿಸಿ, ಎಲ್ಲಕ್ಕಿಂತ ಸಾಫ್ಟ್ ಆದ (ಕಡಿಮೆ ಕಾಂಟ್ರಾಸ್ಟಿನ) 00 ಹಾಕಿ. ಸಾಫ್ಟ್ ಗ್ರೇಡಿನಲ್ಲಿ ಹೈಲೈಟ್ (ಚಿತ್ರದ ಬಿಳಿ ಭಾಗ) ಬೇಗ ಬೂದು ಹಿಡಿಯುತ್ತೆ, ಹಾಗಾಗಿ ಹೆಚ್ಚುವರಿ ಸಮಯ ಅರ್ಧಕ್ಕೆ ಇಳಿಯಬಹುದು, ಮರಗಳಿಗೆ ಬೀಳುವ ಬೆಳಕೂ ಅಷ್ಟೇ ಕಡಿಮೆ. 4, 8, 12 ಸೆಕೆಂಡಿನ ಟೆಸ್ಟ್ ಸ್ಟ್ರಿಪ್ ಆಕಾಶದ ಮೇಲೇ ಹಾಕಿ ನೋಡಿ. ಫಿಲ್ಟರ್ ಬದಲಿಸುವಾಗ ಎನ್‌ಲಾರ್ಜರ್ (ನೆಗೆಟಿವ್ ಹಿಗ್ಗಿಸಿ ಕಾಗದಕ್ಕೆ ಬೀಳಿಸುವ ಯಂತ್ರ) ತಲೆ ಅಲುಗಿದರೆ ಎರಡು ಚಿತ್ರ ಕೂಡಲ್ಲ.

ಬರ್ನ್ ಮಾಡುವಾಗ ನೆಲ ಮರೆಮಾಡಲು ಒಂದು ರಟ್ಟು ಬೇಕು. ಅದನ್ನು ಲೆನ್ಸಿಗೂ ಕಾಗದಕ್ಕೂ ನಡುಮಧ್ಯೆ ಹಿಡಿದು, ಅದರ ಮೇಲೆ ಬೀಳುವ ದಿಗಂತದ ಗೆರೆಯನ್ನು ಪೆನ್ಸಿಲಿನಲ್ಲಿ ಎಳೆದು ಕತ್ತರಿಸಿ. ಕೆಳಮೈ ಕಪ್ಪಿರಲಿ, ಇಲ್ಲದಿದ್ದರೆ ಬೆಳಕು ಕಾಗದಕ್ಕೆ ಪುಟಿಯುತ್ತೆ. ಕಾಗದದ ತೀರಾ ಹತ್ತಿರ ಹಿಡಿದರೆ ರಟ್ಟಿನ ಅಂಚು ಪ್ರಿಂಟಿನಲ್ಲಿ ಚೂಪಾಗಿ ಕಾಣುತ್ತೆ. ರಟ್ಟು ಹಿಡಿದ ಕೈ ಒಂದು ಕ್ಷಣವೂ ನಿಲ್ಲಬಾರದು, ಅಲುಗುತ್ತಲೇ ಇರಬೇಕು.

ಬೂದುಪಟ್ಟಿ:
ಫೋಟೋಶಾಪಿನ ಬಿಳಿ ಅಂಚಿಗೆ ಸಾಮಾನ್ಯ ಕಾರಣ ಎರಡು: ಮಾಸ್ಕಿನ (ತಿದ್ದುವ ಜಾಗ ಗುರುತಿಸುವ ಪದರ) ಫೆದರ್, ಅಂದರೆ ಮಸುಕಾಗಿಸಿದ ಅಂಚು, ಮರದ ಅಂಚಿಗಿಂತ ಅಗಲ ಇರೋದು, ಇಲ್ಲವೇ ಅಂಚಿನ ಕಾಂಟ್ರಾಸ್ಟ್ ಏರಿಸುವ ಕ್ಲಾರಿಟಿ ಸ್ಲೈಡರ್ ಎಳೆದಿರೋದು. ಬ್ರಷ್‌ನಿಂದ ಅಂಚು ಹುಡುಕುವ ಬದಲು ಲ್ಯುಮಿನಾಸಿಟಿ ಮಾಸ್ಕ್ (ಚಿತ್ರದ ಬೆಳಕು-ಕತ್ತಲೆಯಿಂದಲೇ ಆಗುವ ಮಾಸ್ಕ್) ಮಾಡಿ. ಆಕಾಶ ಬಿಳಿ, ಮರ ಕಪ್ಪು, ಚಿತ್ರವೇ ಮಾಸ್ಕ್ ಕೊಡುತ್ತೆ. ಅದರ ಮೇಲೆ ಕರ್ವ್ಸ್ ಲೇಯರ್ (ಛಾಯೆ ತಿದ್ದುವ ಪದರ), ಬೇಕಾದಲ್ಲಿ ಮೆತ್ತನೆ ಬ್ರಷ್, ಅದರ ಫ್ಲೋ (ಒಮ್ಮೆಗೆ ಹಚ್ಚುವ ಪ್ರಮಾಣ) ಶೇಕಡ 5ರಿಂದ 10. ಸ್ಕ್ಯಾನ್ 16 ಬಿಟ್ ಇರಲಿ, ಛಾಯೆಯ ಮೆಟ್ಟಿಲುಗಳು ಹೆಚ್ಚಿರುತ್ತವೆ. 8 ಬಿಟ್ಟಿನಲ್ಲಿ ಆಕಾಶ ಎಳೆದರೆ ಪಟ್ಟೆಪಟ್ಟೆಯಾಗುತ್ತೆ. ಸ್ಕ್ಯಾನಿನಲ್ಲೇ ಆಕಾಶ 255ಕ್ಕೆ (ಅಚ್ಚ ಬಿಳಿಗೆ) ಹೋಗಿದ್ದರೆ ಎಷ್ಟು ಬರ್ನ್ ಮಾಡಿದರೂ ಚಪ್ಪಟೆ ಬೂದು ಅಷ್ಟೇ, ಮರಳಿ ಸ್ಕ್ಯಾನ್ ಮಾಡಲೇಬೇಕು.

ಹೈಪೋ:
ಡಾರ್ಕ್‌ರೂಮಿನಲ್ಲಿ 00 ಫಿಲ್ಟರಿಗೂ ಆಕಾಶ ಜಗ್ಗದಿದ್ದರೆ ಪ್ರೀಫ್ಲ್ಯಾಶ್ ಮಾಡಿ: ಪ್ರಿಂಟಿಗೆ ಮೊದಲೇ ಕಾಗದಕ್ಕೆ, ನೆಗೆಟಿವ್ ಇಲ್ಲದೆ, ಬೂದು ಕಾಣಿಸಿಕೊಳ್ಳುವ ಹಂತಕ್ಕಿಂತ ಒಂದು ಮೆಟ್ಟಿಲು ಕಡಿಮೆ ಬೆಳಕು. ಇಡೀ ಕಾಗದಕ್ಕೆ ಕೊಟ್ಟರೆ ಕಾಂಟ್ರಾಸ್ಟ್ ಕುಸಿಯುತ್ತೆ, ಆಕಾಶಕ್ಕೆ ಮಾತ್ರ ಕೊಡಿ. ಅತಿ ಕಪ್ಪಾದ ಮೋಡವನ್ನು ಪೊಟ್ಯಾಸಿಯಂ ಫೆರಿಸಯನೈಡಿನ ತೆಳು ಹಳದಿ ದ್ರಾವಣದಿಂದ ತಿಳಿಯಾಗಿಸಬಹುದು. ಬೇಕಾದಷ್ಟು ತಿಳಿಯಾಗುವ ಸ್ವಲ್ಪ ಮೊದಲೇ ತೊಳೆದುಬಿಡಿ, ಆಮೇಲೆ ಮತ್ತೆ ಫಿಕ್ಸರ್ (ಚಿತ್ರ ಸ್ಥಿರಗೊಳಿಸುವ ದ್ರಾವಣ). ಗಾಢ ಆಮ್ಲದ ಹತ್ತಿರ ಫೆರಿಸಯನೈಡನ್ನು ಇಡಲೇಬೇಡಿ, ವಿಷಾನಿಲ ಬರುತ್ತೆ. ಇನ್ನು ಫೈಬರ್ ಕಾಗದ ಒಣಗಿದ ಮೇಲೆ ಒಂದಿಷ್ಟು ಕಪ್ಪೇರುತ್ತೆ, ಒದ್ದೆ ಪ್ರಿಂಟ್ ನೋಡಿ ತೀರ್ಮಾನಿಸಬೇಡಿ.

ತಿದ್ದಿದ್ದು ಫೈನ್ ಪ್ರಿಂಟಾ ಅನ್ನೋ ಕೊನೆಯ ಪ್ರಶ್ನೆ ಹಳೇ ಜಗಳ. ಛಾಯಾಗ್ರಾಹಕ ಆಸ್ಕರ್ ರೈಲ್ಯಾಂಡರ್ 1857ರಲ್ಲೇ ಮೂವತ್ತಕ್ಕೂ ಹೆಚ್ಚು ನೆಗೆಟಿವ್ ಜೋಡಿಸಿ ಒಂದೇ ಚಿತ್ರ ಮಾಡಿದ್ದ. ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ತಮ್ಮ 1941ರ ‘ಹೆರ್ನಾಂಡೆಜ್ ಚಂದ್ರೋದಯ’ ಚಿತ್ರದ ನೆಗೆಟಿವ್‌ನ ಕೆಳಭಾಗವನ್ನು 1948ರಲ್ಲಿ ರಾಸಾಯನಿಕವಾಗಿ ಗಾಢ ಮಾಡಿದರು. ನಂತರದ ಪ್ರಿಂಟುಗಳಲ್ಲಿ ಆಕಾಶ ಹೆಚ್ಚುಕಡಿಮೆ ಪೂರ್ತಿ ಕಪ್ಪು. ಸುದ್ದಿಚಿತ್ರವಾದರೆ ಬೇರೆ ಮಾತು. ಇಲ್ಲಿ ನೋಡುವವನ ಕಣ್ಣಿಗೆ ರಟ್ಟಿನ ಅಂಚು ಬೀಳದಿದ್ದರೆ ಸಾಕು.